ಭಾವನ ಲೈಸೆನ್ಸು ಅತ್ತಿಬೆಲೆ ದಾಟಲಿಲ್ಲ

ಪ್ರಾಮಾಣಿಕ ಮನುಷ್ಯ ದೂರದ ನೆಂಟನಾದರೆ ತೊಂದರೆಯಿಲ್ಲ. ಹತ್ತಿರದ ನೆಂಟ ಮಾತ್ರ ಆಗಬಾರದು. ಅನುಭವಿಸಿದವನ ಮಾತಿದು, ನೆನಪಿಟ್ಟುಕೊಳ್ಳಿ. ನಮ್ಮಕ್ಕನಿಗೆ ಅಂಥವರೇ ಗಂಡನಾಗಿ ಸಿಕ್ಕಿದರು. ನಾನು ಪೀಣ್ಯದಲ್ಲಿ ಹಳೇ ಮೋಟಾರು ಕೊಂಡು ಮಾರಿ ಮೇಲೆ ಬಂದವನು. ಚೌಕಾಸಿಗೆ ಬಗ್ಗದ್ದು ಲೋಕದಲ್ಲಿ ಯಾವುದೂ ಇಲ್ಲ ಎಂದು ನಂಬಿದ್ದೆ. ಭಾವ ಆ ನಂಬಿಕೆಯನ್ನೇ ಸುಟ್ಟುಹಾಕಿದರು!

ಅಲ್ಲೇ ಎರಡು ಬೀದಿಯಾಚೆ ಭಾವನ ವರ್ಕ್‌ಶಾಪು. ಕಾರ್ಖಾನೆಗಳಿಗೆ ವೈರಿಂಗು, ಪ್ಯಾನೆಲ್ಲು ಮಾಡಿಕೊಡುವ ಕಂಟ್ರಾಕ್ಟು. ಹೇಳಿಕೊಳ್ಳುವಂಥ ಗಿರಾಕಿ ಒಂದೇ ಒಂದು ಕಾರ್ಖಾನೆ; ಅದು ಅನ್ನ ಹಾಕಿದರೆ ಇವರ ಶಟರು ಮೇಲೇಳಬೇಕು. ತೊಂಬತ್ತರ ದಶಕದ ಆ ದಿನಗಳಲ್ಲಿ ಅದು ಗಂಟುಮೂಟೆ ಕಟ್ಟಿ ಹೊಸೂರಿಗೆ ಹೊರಟಿತು. "ಅಲ್ಲಿನ ಕೆಲಸವೂ ನಿಮ್ಮದೇ ಸಾರ್," ಎಂದರು ಮ್ಯಾನೇಜರು, "ಆದ್ರೆ ತಮಿಳುನಾಡಿನ ಕಂಟ್ರಾಕ್ಟರ್ ಲೈಸೆನ್ಸ್ ಬೇಕು."

ಅದೇ ತಾಮ್ರ, ಅದೇ ತಂತಿ. ಅತ್ತಿಬೆಲೆ ಚೆಕ್‌ಪೋಸ್ಟ್ ದಾಟಿದ ಕೂಡಲೇ ಕರೆಂಟು ತಮಿಳು ಮಾತಾಡುತ್ತದೆಯೇ? ಆದರೆ ಸರ್ಕಾರದ ಕಣ್ಣಿಗೆ, ಗಡಿಯೀಚೆಗೆ ಇಂಜಿನಿಯರ್ ಆದವರು ಆಚೆಗೆ ಬರೀ ದಾರಿಹೋಕರು!

ನಾನು ಬಿಡುವವನೇ? ಅಂದೇ ಹೋಗಿ ಸಲಹೆ ಕೊಟ್ಟೆ.

"ಭಾವ, ಹೊಸೂರಲ್ಲಿ ಲೈಸೆನ್ಸ್ ಇರೋನೊಬ್ಬನನ್ನ ಹಿಡೀತೀನಿ. ಅವನು ಸಹಿ ಹಾಕ್ತಾನೆ, ಕೆಲಸ ನೀವು ಮಾಡಿ. ಊರೆಲ್ಲಾ ಹಿಂಗೇ ನಡೀತಿರೋದು."

"ಕೆಲಸ ನಂದು, ಹೆಸರು ಅವನದಾ? ನಾಳೆ ಯಾರಿಗಾದ್ರೂ ಶಾಕ್ ಹೊಡೆದ್ರೆ ಬೈಯೋಕೆ ಅವನನ್ನ ಹುಡುಕ್ಕೊಂಡು ಹೋಗ್ಬೇಕೇನೋ?"

ಭಾವ ತಾವೇ ಅರ್ಜಿ ಹಾಕಿದರು. ಇಂಜಿನಿಯರು ಆ ರಾಜ್ಯದಲ್ಲಿ ಕಚೇರಿಯಿಟ್ಟು ಅಲ್ಲೇ ವಾಸವಿರಬೇಕು ಎಂದರಂತೆ ಲೈಸೆನ್ಸ್ ಕೊಡುವವರು. ಬುದ್ಧಿಯಿದ್ದವರು ಏನು ಮಾಡುತ್ತಾರೆ? ಒಂದು ರೂಮು ಹಿಡಿದು, ಬೋರ್ಡು ತಗುಲಿಸಿ, ಬೀಗ ಜಡಿದು ಬರುತ್ತಾರೆ. ಭಾವ ಚಾಪೆ, ಸೀಮೆಎಣ್ಣೆ ಸ್ಟೌ ಹೊತ್ತುಕೊಂಡು ಹೋಗಿ ವಾಸವೇ ಇದ್ದುಬಿಟ್ಟರು!

ಪೀಣ್ಯದ ಮನೆಗೆ ಭಾನುವಾರಕ್ಕೊಮ್ಮೆ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಅಕ್ಕ ನನ್ನ ಮುಂದೆ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಬೀಗರು ಬಂದಂಗೆ ಬರ್ತಾರೆ ಕಣೋ. ಹೊರಡುವಾಗ 'ಊಟ ಚೆನ್ನಾಗಿತ್ತು' ಅಂತಾರೆ, ನಂಗೆ!"

ಒಂದು ಸಂಜೆ ಅವರನ್ನು ಕರೆತರಲು ಹೊಸೂರಿಗೆ ಹೋದೆ. ಭಾವ ರೂಮು ಹಿಡಿದಿದ್ದ ಮನೆಯ ಫ್ಯೂಸು ಹೋಗಿ ಎಲ್ಲ ಕತ್ತಲು. ಜಗಲಿಯ ಮೇಲೆ ಮೇಣದಬತ್ತಿ, ಅದರ ಒಂದು ಪಕ್ಕ ಮನೆ ಒಡತಿ, ಇನ್ನೊಂದು ಪಕ್ಕ ಇಪ್ಪತ್ತು ವರ್ಷ ಕಾರ್ಖಾನೆಗಳಿಗೆ ಬೆಳಕು ಕೊಟ್ಟ ನಮ್ಮ ಭಾವ!

"ನೋಡಪ್ಪಾ ನಿಮ್ ಭಾವನ್ನ," ಎಂದಳು ಆಕೆ. "ಕರೆಂಟಿನೋರು ಅಂತ ರೂಮು ಕೊಟ್ಟೆ. ಒಂದು ಫ್ಯೂಸು ಆಕಿ ಸ್ವಾಮಿ ಅಂದ್ರೆ, ಈ ರಾಜ್ಯದಾಗೆ ಮುಟ್ಟಂಗಿಲ್ಲ ಅಂತಾರೆ. ಇಂಗೂ ಉಂಟಾ?"

ಫ್ಯೂಸು ನಾನೇ ಹಾಕಿದೆ. ನನಗೆ ಯಾವ ರಾಜ್ಯದಲ್ಲೂ ಲೈಸೆನ್ಸಿಲ್ಲ ನೋಡಿ, ಹಾಗಾಗಿ ಭಯವೂ ಇಲ್ಲ!

ಅರ್ಜಿ ಮಾತ್ರ ಮೇಜಿನಿಂದ ಮೇಜಿಗೆ ತೆವಳುತ್ತಲೇ ಇತ್ತು. ಪರಿಶೀಲನೆಗೆ ಬಂದ ಅಧಿಕಾರಿ, "ಸಂಸಾರ ಎಲ್ಲಿ? ಸಂಸಾರವಿಲ್ಲದ್ದು ಎಂಥ ವಾಸ?" ಎಂದು ಹೊರಟುಹೋದರು. ಅಕ್ಕ ಪಾತ್ರೆ ಪಡಗ ಸಮೇತ ಹೊಸೂರಿಗೆ ಹೋದಳು. ಅಷ್ಟರಲ್ಲಿ ಆ ಅಧಿಕಾರಿಗೆ ವರ್ಗವಾಗಿತ್ತು. ಹೊಸಬರು ಮೊದಲಿಂದ ಶುರುಮಾಡಿದರು. ಇತ್ತ ಪೀಣ್ಯದಲ್ಲಿ ಕೆಲಸವಿಲ್ಲದೆ ಫಿಟ್ಟರುಗಳು ಒಬ್ಬೊಬ್ಬರಾಗಿ ಜಿಗಣಿಯ ಕಾರ್ಖಾನೆಗಳ ಕಡೆ ಹೊರಟರು. ಕಾರ್ಖಾನೆಯ ಮ್ಯಾನೇಜರು ಪಾಪ, ಕಾದಷ್ಟು ಕಾದರು. ಕೊನೆಗೆ ಕೆಲಸ ಬೇರೊಬ್ಬನಿಗೆ ಹೋಯಿತು. ಅವನದು ಬಾಡಿಗೆ ಲೈಸೆನ್ಸೇ! ನನ್ನ ಸಲಹೆ ಒಬ್ಬನಿಗಾದರೂ ಉಪಯೋಗಕ್ಕೆ ಬಂತಲ್ಲ!

ಸುದ್ದಿ ಹೇಳಲು ನಾನೇ ಹೋಗಬೇಕಾಯಿತು. ಭಾವ ಕೂಗಾಡಲಿ ಎಂದು ಬಯಸಿದೆ. ಕೂಗಾಡಿದ್ದರೆ ನನ್ನ ಮನಸ್ಸೂ ಹಗುರಾಗುತ್ತಿತ್ತು. ಅವರು ತಟ್ಟೆಯಲ್ಲೇ ಕೈ ತೊಳೆದರು.

"ಇನ್ನು ಪೀಣ್ಯದ ಶಟರು ಎಳೆದ್ಬಿಡೋದೇ," ಎಂದರು. ಅಕ್ಕ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಭಾವ ನನ್ನತ್ತ ತಿರುಗಿದರು. "ಅಲ್ಲ ಕಣೋ, ಅಲ್ಲಿ ಫರ್ನೇಸಿನ ಪ್ಯಾನೆಲ್ಲಿಗೆ ಅದುರಿ ಅದುರಿ ಅರ್ಥಿಂಗ್ ಬೋಲ್ಟು ಸಡಿಲ ಆಗುತ್ತೆ, ಮುಟ್ಟಿದೋರಿಗೆ ಶಾಕ್ ಹೊಡೆಯುತ್ತೆ. ವಾರವಾರ ನೋಡ್ತಿರಬೇಕು. ಆ ಹೊಸಬನಿಗೆ ಯಾರಾದ್ರೂ ಹೇಳಿದಾರಾ?"

"ಅವನ ಹಣೆಬರಹ, ಬಿಡಿ ಭಾವ!"

"ಅವನದಲ್ವೋ. ಮುಟ್ಟೋದು ಕೆಲಸದೋರು."

ಆಗಲೇ ಚಪ್ಪಲಿ ಮೆಟ್ಟಿದ್ದರು. ನಾನೂ ಹಿಂದೆಯೇ ಹೋದೆ. ಕಾರ್ಖಾನೆಯಲ್ಲಿ ಆ ಹೊಸ ಕಂಟ್ರಾಕ್ಟರು ಕರೆಂಟು ನಿಲ್ಲಿಸಿ ಪ್ಯಾನೆಲ್ ತೆರೆದು, ಸಂಕೋಚದಿಂದ ಸ್ಪ್ಯಾನರ್ ಇವರತ್ತ ಚಾಚಿದ. "ನೀವೇ ಒಂದ್ಸಲ ಬಿಗಿಮಾಡಿ ತೋರಿಸ್ಬಿಡಿ ಸಾರ್."

ಭಾವನ ಬೆರಳುಗಳು ಮುಂದೆ ಬಂದಿದ್ದನ್ನು ನಾನು ಕಂಡೆ. ಮರುಕ್ಷಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

"ನಂಗಿಲ್ಲಿ ಅಧಿಕಾರ ಇಲ್ಲಪ್ಪಾ. ನೀನು ಬಿಗಿಮಾಡು, ನಾನು ನೋಡ್ತಿರ್ತೀನಿ. ಇನ್ನೊಂದು ಸುತ್ತು... ಹೂಂ, ಇನ್ನರ್ಧ... ಸಾಕು ಕಂದಾ, ಸಾಕು."