ಹನುಮಪ್ಪ ಕೊಟ್ಟ ಹೇಳಿಕೆ

ದೇವರು ಇದ್ದಾನೋ ಇಲ್ಲವೋ ಎಂಬ ಪ್ರಶ್ನೆ ಬೇರೆಯವರ ಮನೆಯಲ್ಲಿ ದೊಡ್ಡ ಕಷ್ಟ ಬಂದಾಗ ಏಳುತ್ತದಂತೆ. ನಮ್ಮ ಮನೆಯಲ್ಲಿ ಚಹಾಕ್ಕೆ ಸಕ್ಕರೆ ಹಾಕಿ ಕಲಕುವಷ್ಟರಲ್ಲಿ ಎದ್ದಿರುತ್ತದೆ. ಮಾವ ಸುರಪುರದ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು, ಸಬೂತು ಇಲ್ಲದೆ ಮಜ್ಜಿಗೆಯನ್ನೂ ಹುಳಿ ಎಂದು ಒಪ್ಪುವವರಲ್ಲ. ಅತ್ತೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು, ಶನಿವಾರ ತಪ್ಪದೆ ಹನುಮಪ್ಪನ ಗುಡಿಗೆ ಹೋಗುವವರು. ನಾನು ಶಹಾಪುರದ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸುತ್ತೇನೆ. ಹೀಗಾಗಿ ಇಬ್ಬರ ನಡುವೆ ನ್ಯಾಯ ಹೇಳುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಸಂಬಳವಿಲ್ಲ, ರಜೆಯೂ ಇಲ್ಲ.

೧. ಹೆಣ್ಣು ನೋಡುವ ಶಾಸ್ತ್ರ

ಇದು ಶುರುವಾದದ್ದೇ ಅವರು ನನ್ನನ್ನು ನೋಡಲು ಬಂದ ದಿನ. ಹಾಡಲು ಬರುತ್ತದೆಯೇ, ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ.

‘ಏನು ಓದೀಯವ್ವ?’ ಎಂದರು ಅತ್ತೆ.

‘ತರ್ಕಶಾಸ್ತ್ರರಿ.’

ಮಾವ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ‘ಚಲೋ ಆತು. ಹಂಗಾರ ಹೇಳು, ಅದರ ಪ್ರಕಾರ ದೇವರು ಅದಾನೋ, ಇಲ್ಲೋ?’

‘ಅಂಜಬ್ಯಾಡ, ಇದ್ದದ್ದು ಹೇಳು’ ಎಂದರು ಅತ್ತೆ, ಆದರೆ ಅಂಜುವ ಹಾಗೆ ನೋಡುತ್ತ.

ಇದ್ದಾನೆ ಎಂದರೆ ಮಾವ ಎದ್ದು ಹೋಗುತ್ತಾರೆ, ಇಲ್ಲ ಎಂದರೆ ಅತ್ತೆ. ಬಾಗಿಲ ಮರೆಯಲ್ಲಿ ಅಪ್ಪ ಎರಡೂ ಕೈ ಆಡಿಸಿ ಏನೋ ಸನ್ನೆ ಮಾಡುತ್ತಿದ್ದರು. ಹುಡುಗ ಮಾತ್ರ ಅವಲಕ್ಕಿಯಲ್ಲಿನ ಶೇಂಗಾ ಆರಿಸಿ ತಿನ್ನುತ್ತಿದ್ದ.

‘ನಮ್ಮ ಸಿಲೆಬಸ್ಸಿನಾಗ ಇಲ್ರಿ’ ಎಂದೆ.

‘ಕೇಳಿದೇನು? ಇಲ್ಲ ಅಂದ್ಲು!’ ಎಂದರು ಮಾವ.

‘ಸಿಲೆಬಸ್ಸಿನಾಗ ಅಷ್ಟ ಇಲ್ಲ ಅಂದ್ಲು’ ಎಂದರು ಅತ್ತೆ.

ಇಬ್ಬರಿಗೂ ಹುಡುಗಿ ಒಪ್ಪಿಗೆಯಾದಳು. ಹುಡುಗನ ಒಪ್ಪಿಗೆ ಕೇಳುವುದು ಯಾರಿಗೂ ನೆನಪಾಗಲಿಲ್ಲ.

೨. ಗುತ್ತಿಗೆ ಯಾರದು?

ಒಮ್ಮೆ ತರಗತಿಯಲ್ಲಿ, ಮಾಡಿದ್ದನ್ನು ನೋಡಿ ಮಾಡಿದವನನ್ನು ಊಹಿಸುವ ವಾದ ಹೇಳುತ್ತಿದ್ದೆ. ಉದಾಹರಣೆ ಕಣ್ಣೆದುರಿಗೇ ಇತ್ತು, ಕಿಟಕಿಯಿಂದ ಕಾಣುವ ಕಾಲುವೆ.

‘ಇದು ತಾನಾಗಿ ಹುಟ್ಟಿದ್ದಲ್ಲ. ಯಾರೋ ಲೆಕ್ಕ ಹಾಕಿ ಕಟ್ಟಿದ್ದಾರೆ. ಹಾಗೆಯೇ ಈ ಜಗತ್ತನ್ನೂ ಒಬ್ಬ ಕಟ್ಟಿರಬೇಕು ಅಂತ ಕೆಲವರು ವಾದಿಸುತ್ತಾರೆ.’

ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ಅವಳ ಅಪ್ಪ ಸಣ್ಣ ಪುಟ್ಟ ಗುತ್ತಿಗೆ ಹಿಡಿಯುವವರು.

‘ಮೇಡಂ, ಕಾಲುವಿ ಒಬ್ರ ಕಟ್ಟಿಲ್ರಿ. ದೊಡ್ಡವರು ಗುತ್ತಿಗಿ ಹಿಡದು ಸಣ್ಣವರಿಗಿ ಕೊಡ್ತಾರ. ಅವರು ನಮ್ಮಪ್ಪನಂಥವರಿಗಿ ಕೊಡ್ತಾರ. ಹಂಗಾರ ದೇವರು ಎಷ್ಟು ಮಂದಿರಿ?’

‘ಅದು ಒಳ್ಳೆ ಪ್ರಶ್ನೆ’ ಎಂದೆ. ಉತ್ತರ ಗೊತ್ತಿಲ್ಲದಾಗ ನಾವು ಅಧ್ಯಾಪಕರು ಹೇಳುವ ಮಾತು ಅದು.

‘ಮತ್ತ ಮೇಡಂ, ಕಟ್ಟಿದವರು ಬಿಲ್ ತಗೊಂಡು ಹೋದ್ರು. ಒಡದಲ್ಲಿ ರಿಪೇರಿಗಿ ಇನ್ನಾ ಬಂದಿಲ್ಲ. ಜಗತ್ತು ಕಟ್ಟಿದಾಂವನೂ ಹಂಗನ ಏನ್ರಿ?’

ಇಡೀ ತರಗತಿ ನನ್ನ ಬಾಯಿ ನೋಡುತ್ತಿತ್ತು. ನಾನು ಬಾಯಿ ತೆರೆದೆ. ಸರಿಯಾಗಿ ಅದೇ ಗಳಿಗೆಗೆ ಗಂಟೆ ಹೊಡೆಯಿತು.

ದೇವರು ಇದ್ದಾನೆ ಎನ್ನುವುದಕ್ಕೆ ನನಗೆ ಸಿಕ್ಕ ಗಟ್ಟಿ ಪುರಾವೆ ಇವತ್ತಿಗೂ ಅದೊಂದೇ.

೩. ಕಾಕಾನ ನೆನಪು

ರಂಗಂಪೇಟೆಯ ನಮ್ಮ ಮನೆಯಿಂದ ಅತ್ತೆ, ಮಾವ, ನಾನು ಮೂವರೂ ಶಹಾಪುರಕ್ಕೆ ಹೊರಟಿದ್ದೆವು. ಎದುರಿಗೆ ಹತ್ತಿಯ ಲಾರಿ ಬಂದು ನಮ್ಮ ಬಸ್ಸು ರಸ್ತೆ ಬಿಟ್ಟು ಕೆಳಗೆ ವಾಲಿತು. ಮಾವ ಕಂಬಿಯನ್ನು ಅಪ್ಪಿಕೊಂಡು, ‘ಯಪ್ಪಾ ಹನುಮಪ್ಪಾ!’ ಎಂದು ಕೂಗಿದ್ದು ಡ್ರೈವರನಿಗೂ ಕೇಳಿಸಿತು.

ಬಸ್ಸು ಸರಿಹೋಯಿತು. ಅತ್ತೆ ಸೆರಗು ಸರಿಮಾಡಿಕೊಂಡು, ‘ಯಾರನ್ನ ಕರದ್ರಿ ಈಗ?’ ಎಂದರು.

‘ನಮ್ಮ ಕಾಕಾನ್ನ. ಅಂವನ ಹೆಸರು ಹನುಮಪ್ಪ ಇರಲಿಲ್ಲೇನು?’

‘ಕಾಕಾ ಸತ್ತು ಎಷ್ಟು ವರ್ಷ ಆತು?’

‘ಮನಷ್ಯಾನ ನೆನಪು ಬರಬಾರದೇನು?’

‘ಬರಲಿ. ಆದ್ರ ನಿಮ್ಮ ಕಾಕಾ ಇದ್ದಾಗ ಒಂದಿನಾನೂ ಕರದ್ರ ಓ ಅಂದಾಂವಲ್ಲ. ಸತ್ತಮ್ಯಾಗ ಬಸ್ಸು ಹಿಡೀತಾನೇನು?’

ಹಿಂದಿನ ಸೀಟಿನವರೆಲ್ಲ ನಕ್ಕರು. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಮಾತ್ರ ಗಂಭೀರವಾಗಿ, ‘ಯಾರನ್ನರ ಕರೀರಿ ಅಜ್ಜಾರ, ಕಂಬಿ ಬಿಡಬ್ಯಾಡ್ರಿ’ ಎಂದ.

೪. ಎಡಕ್ಕೋ ಬಲಕ್ಕೋ

ಇಷ್ಟು ದಿನದ್ದು ಬಾಯಿಮಾತು. ದೇವಾಪುರದ ನಮ್ಮ ಹೊಲದ ಪ್ರಶ್ನೆ ಬಂದಾಗ ಮಾತ್ರ ಜಗಳ ನಿಜಕ್ಕೂ ಬಿಸಿಯಾಯಿತು.

ಆ ಹೊಲ ಕಾಲುವೆಯ ತುದಿಗಿದೆ. ಮೊದಲ ಬೆಳೆಗೆ ನೀರು ಬರುತ್ತದೆ, ಎರಡನೆಯದಕ್ಕೆ ಬಂದರೆ ಬಂತು. ಆ ವರ್ಷ ಎರಡನೇ ಬೆಳೆಗೂ ಪೂರ್ತಿ ನೀರು ಎಂದು ನೀರಾವರಿ ಕಚೇರಿಯವರು ಹೇಳಿದ್ದರು. ಮಾವ ಭತ್ತ ಎಂದರು. ಅತ್ತೆ ಹಿಂದಿನ ಶನಿವಾರವೇ ಹನುಮಪ್ಪನಿಗೆ ಹೂ ಕೇಳಿ ಬಂದಿದ್ದರು. ಪೂಜಾರಿ ಮೂರ್ತಿಯ ಎರಡೂ ಭುಜಕ್ಕೆ ನೀರಿನಲ್ಲಿ ಅದ್ದಿದ ಹೂ ಅಂಟಿಸುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ‘ಶೇಂಗಾ ಹಾಕಲೇನಪ್ಪ?’ ಎಂದದ್ದಕ್ಕೆ ಬಲಕ್ಕೆ ಬಿದ್ದಿತ್ತು.

ಶೇಂಗಾ ಸ್ವಲ್ಪ ನೀರಿನಲ್ಲೂ ಬದುಕೀತು. ಭತ್ತ ಹಚ್ಚಿ ನೀರು ಕೈಕೊಟ್ಟರೆ ಇಡೀ ಹೊಲ ಒಣಹುಲ್ಲು.

‘ಕಚೇರಿ ಮಾತು ಬಿಟ್ಟು ಹೂವಿನ ಮಾತು ಕೇಳಬೇಕೇನು?’ ಎಂದರು ಮಾವ. ‘ಅಲ್ಲೇ ಹೋಗಿ ಫೈಸಲಾ ಮಾಡೂಣು. ಅಂವ ಅದಾನ ಅಂದ್ರ ಶೇಂಗಾ. ಇಲ್ಲಂದ್ರ ಭತ್ತ. ಸೊಸಿ ಜಡ್ಜ್.’

ಗುಡಿಯಲ್ಲಿ ಗದ್ದಲವಿತ್ತು. ನಮ್ಮ ಹಿಂದೆ ಎಮ್ಮೆ ಕಳೆದುಕೊಂಡ ಹೆಂಗಸೊಬ್ಬಳು ನಿಂತಿದ್ದಳು. ಪೂಜಾರಿ ಹೂ ಅಂಟಿಸಿದ. ಮಾವ ಕೋರ್ಟಿನಲ್ಲಿ ಹೆಸರು ಕೂಗುವ ದನಿಯಲ್ಲೇ ಕೇಳಿದರು:

‘ಹನುಮಪ್ಪ, ನೀ ಅದೀಯೋ, ಇಲ್ಲೋ? ಇದ್ರ ಬಲಕ್ಕ ಕೊಡು, ಇಲ್ದಿದ್ರ ಎಡಕ್ಕ!’

ಪೂಜಾರಿಯ ಕೈಯಲ್ಲಿದ್ದ ಗಂಟೆ ನಿಂತಿತು. ‘ಇಂಥಾದು ಇದುವರಿಗೂ ಯಾರೂ ಕೇಳಿಲ್ರಿ’ ಎಂದ. ಅತ್ತೆ ಕಣ್ಣು ಮುಚ್ಚಿದರು.

ಹೂ ಬಿತ್ತು. ಎಡಕ್ಕೆ.

‘ಆತು! ಅಂವನ ಹೇಳಿಕಿ ಕೊಟ್ಟ, ನಾ ಇಲ್ಲ ಅಂತ!’ ಮಾವ ಚಪ್ಪಾಳೆ ತಟ್ಟಿದರು.

‘ಅಲ್ರೀ, ಅಂವ ಇಲ್ಲಂದ್ರ ನಮ್ಮ ಎಮ್ಮಿ ಸುದ್ದಿ ಯಾರಿಗಿ ಕೇಳ್ಲಿ?’ ಎಂದು ಆ ಹೆಂಗಸು ಗೋಳಾಡಿದಳು.

‘ನೀ ಕೇಳವ್ವ, ನಿನಗ ಅದಾನ’ ಎಂದ ಪೂಜಾರಿ.

ಅತ್ತೆ ಕಣ್ಣು ತೆರೆದರು. ಮಕ್ಕಳ ಲೆಕ್ಕದಲ್ಲಿ ತಪ್ಪು ಹುಡುಕುವಾಗಿನ ಶಾಂತಿ ಮುಖದಲ್ಲಿತ್ತು.

‘ಅಂದ್ರ ಹೂ ಹೇಳಿದ್ದು ಖರೇ ಅಂತೀರಿ?’

‘ನೂರಕ್ಕ ನೂರು ಖರೇ!’

‘ಹಂಗಾರ ಹೋದ ಶನಿವಾರ ಶೇಂಗಾ ಅಂದದ್ದೂ ಇದ ಹೂವ. ಅದೂ ಖರೇ.’

ಮಾವ ತಡವರಿಸಿದರು. ‘ಅದು... ಅವತ್ತು ಗಾಳಿಗಿ ಬಿದ್ದಿರಬೇಕು.’

‘ಇವತ್ತೇನು ಗಾಳಿ ಸೂಟಿ ತಗೊಂಡದೇನು?’

ಮಾವ ನನ್ನ ಕಡೆ ತಿರುಗಿದರು. ಇಂಥ ಇಕ್ಕಟ್ಟನ್ನು ನಾನು ವರ್ಷವೂ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ಪಂಜೆ ಉಟ್ಟುಕೊಂಡು ಎದುರಿಗೆ ನಿಂತದ್ದನ್ನು ಕಂಡದ್ದು ಅದೇ ಮೊದಲು.

‘ಮಾವಾರ, ಹೂ ಖರೇ ಅಂದ್ರ ಶೇಂಗಾ ಹಾಕಬೇಕ್ರಿ. ಹೂ ಸುಳ್ಳು ಅಂದ್ರ ದೇವರಿಲ್ಲ ಅನ್ನೋದಕ್ಕ ನಿಮ್ಮ ಕೈಯಾಗ ಸಬೂತು ಉಳಿಯಂಗಿಲ್ರಿ. ದಾವಾ ಹಾಕಿದವರು ನೀವು. ಸಬೂತಿಲ್ಲದ ದಾವಾ ಏನಾಗತದ ಅಂತ ನಿಮಗ ಗೊತ್ತದ.’

‘ವಜಾ’ ಎಂದರು ಮಾವ, ನೆಲ ನೋಡುತ್ತ. ಕೋರ್ಟಿನ ಋಣ, ಸುಳ್ಳು ಹೇಳಲಾಗಲಿಲ್ಲ.

ಶೇಂಗಾ ಬಿತ್ತಿದೆವು. ಆ ವರ್ಷ ಮೇಲೆ ಎಲ್ಲೋ ಕಾಲುವೆ ಒಡೆದು, ತುದಿಗೆ ನೀರು ಬಂದಂತೆ ಮಾಡಿ ನಿಂತುಬಿಟ್ಟಿತು. ಅಕ್ಕಪಕ್ಕದ ಭತ್ತವೆಲ್ಲ ಒಣಗಿತು. ನಮ್ಮ ಶೇಂಗಾ ಬಳ್ಳಿ ಕಿತ್ತರೆ ಗೊಂಚಲು ಗೊಂಚಲು ಕಾಯಿ.

ಒಂದು ಸಂಜೆ ಅಂಗಳದಲ್ಲಿ ಕುದಿಸಿದ ಹಸಿ ಶೇಂಗಾ ಸುಲಿಯುತ್ತ ಕುಳಿತಿದ್ದೆವು. ಮಾವನ ಮುಂದಿನ ಸಿಪ್ಪೆಯ ರಾಶಿಯೇ ದೊಡ್ಡದಿತ್ತು. ಅತ್ತೆ ಅದನ್ನು ನೋಡಿ ಮೆಲ್ಲಗೆ ಕೇಳಿದರು, ‘ಈಗಾರ ಒಪ್ಪತೀರೇನು, ದೇವರು ಅದಾನ ಅಂತ?’

ಮಾವ ಇನ್ನೊಂದು ಕಾಯಿ ಒಡೆದು ಬಾಯಿಗೆ ಹಾಕಿಕೊಂಡರು.

‘ಹೆಂಗ ಒಪ್ಪಲಿ? ನಾ ಇಲ್ಲ ಅಂತ ಅಂವನ ಹೇಳ್ಯಾನ. ದೇವರ ಮಾತು ಮೀರಬಾರದು.’