ದರ್ಜಿಯ ಫೋಟೋ ಪ್ರವೇಶ

“ಈ ಸಲ ಫೋಟೋದಲ್ಲಿ ನಾನೂ ನಿಲ್ತೀನಿ! ಅದೂ ನಟ್ಟನಡುವೆ!”

ದರ್ಜಿ ಎದೆ ತಟ್ಟಿಕೊಂಡು ಸಾರಿದ. ಎದೆಗಿಂತ ಮೊದಲು ಹೊಟ್ಟೆ ಅಲುಗಿತು; ಅರ್ಧ ಧೈರ್ಯ ಅಲ್ಲೇ ಸೋರಿಹೋಯಿತು.

ಬೀದಿಯವರ ಸೊಂಟವೆಲ್ಲ ಅವನ ಟೇಪಿಗೆ ಗೊತ್ತು. ಅವನ ಸೊಂಟವನ್ನು ಮಾತ್ರ ಆ ಟೇಪು ಕಂಡದ್ದಿಲ್ಲ. ತನ್ನ ಅಂಗಿಯನ್ನು ಕಣ್ಣಂದಾಜಿನಲ್ಲೇ, ಡೇರೆಯಂತೆ, ಹೊಲಿದುಕೊಳ್ಳುತ್ತಿದ್ದ. ಫೋಟೋ ಎಂದರೆ ಸಾಕು, “ನೀವೆಲ್ಲ ನಿಲ್ಲಿ, ನಾನು ತೆಗೀತೀನಿ” ಎಂದು ಮೊಬೈಲಿನ ಹಿಂದೆ ಅಡಗುವುದು ಅವನ ಹಳೆಯ ಉಪಾಯ. ಈಗ ಅದೇ ತಿರುಗುಬಾಣವಾಗಿತ್ತು. ಮಗಳ ಹಾಸ್ಟೆಲ್ ಗೋಡೆಯ ಫೋಟೋಗಳನ್ನೆಲ್ಲ ನೋಡಿದ ಗೆಳತಿ, “ನಿಮ್ಮಪ್ಪ ತೀರಿಕೊಂಡು ಎಷ್ಟು ವರ್ಷ ಆಯ್ತೇ?” ಎಂದು ಮರುಗಿದಳಂತೆ!

“ನಾಳೆ ಹೊರಡ್ತೀನಪ್ಪ. ಒಂದೇ ಒಂದು ಫೋಟೋ,” ಎಂದಳು ಮಗಳು.

ಕಿಟಕಿಯ ಮುಂದೆ ಮಗಳು, ಹೆಂಡತಿ, ಅತ್ತೆ ಸಾಲಾಗಿ ನಿಂತರು. ದರ್ಜಿ ಮೊಬೈಲನ್ನು ಹೊಲಿಗೆಯಂತ್ರಕ್ಕೆ ಒರಗಿಸಿ, ಟೈಮರ್ ಒತ್ತಿ, ಹೊಟ್ಟೆ ಒಳಗೆಳೆದುಕೊಂಡು, ಉಸಿರು ಬಿಗಿಹಿಡಿದು ಓಡಿದ. ನಡುವೆ ನಿಂತರೆ ಅತ್ತೆ ಪೂರ್ತಿ ಮರೆಯಾಗುತ್ತಾರೆ! ಗೆಳತಿಯರು ನಕ್ಕರೆ? ಮಗಳು ತಲೆ ತಗ್ಗಿಸಬೇಕಾದರೆ? ಅದಕ್ಕಿಂತ ತೀರಿಕೊಂಡವನಾಗಿ ಉಳಿಯುವುದೇ ಲೇಸಲ್ಲವೇ?

“ರೀ, ಎಲ್ಲಿಗೆ ನುಗ್ತಿದ್ದೀರಿ?”

“ಪರದೆ ಪಕ್ಕಕ್ಕೆ! ಅರ್ಧ ಕಂಡರೆ ಸಾಕು!”

“ನಟ್ಟನಡುವೆ ಅಂದಿದ್ರಲ್ಲ!”

“ಮಾತಾಡಿಸಬೇಡ, ಉಸಿರು ಹೋಗುತ್ತೆ!”

ತಾನೇ ಹೊಲಿದ ಕಿಟಕಿ ಪರದೆಯನ್ನು ಹೊಟ್ಟೆಯ ಮೇಲಕ್ಕೆ ಎಳೆದುಕೊಂಡ. ಬಟ್ಟೆ ಗಟ್ಟಿ, ಹೊಲಿಗೆ ಇನ್ನೂ ಗಟ್ಟಿ. ಸಡಿಲವಾಗಿದ್ದದ್ದು ಗೋಡೆಯ ಮೊಳೆ! ಪರದೆಯ ಸರಳು ಕಳಚಿ ಮಗಳ ತಲೆಯತ್ತ ಬಂತು.

“ಅಯ್ಯೋ, ಮಗಳೇ!”

ಹೊಟ್ಟೆ ಮರೆತುಹೋಯಿತು. ಅವಳ ಮುಂದಕ್ಕೆ ಜಿಗಿದು, ಎರಡೂ ಕೈ ಎತ್ತಿ ಸರಳನ್ನು ಹಿಡಿದೇಬಿಟ್ಟ. ಪರದೆ ಮಾತ್ರ ಮೂವರ ತಲೆಯ ಮೇಲೂ ದೊಪ್ಪನೆ ಬಿತ್ತು.

ಕ್ಲಿಕ್!

ಫೋಟೋದಲ್ಲಿ ಹೆಂಡತಿಯಿಲ್ಲ, ಅತ್ತೆಯಿಲ್ಲ, ಮಗಳೂ ಇಲ್ಲ. ಹೂವಿನ ಪರದೆಯ ಮುಂದೆ, ನಟ್ಟನಡುವೆ, ಕೈ ಮೇಲೆತ್ತಿ ನಿಂತವನು ಅವನೊಬ್ಬನೇ. ಕೈಯ ಜೊತೆಗೆ ಡೇರೆಯೂ ಮೇಲಕ್ಕೆ ಹೋಗಿತ್ತು!

“ಅಳಿಸಮ್ಮಾ, ದಮ್ಮಯ್ಯ!”

ಪರದೆಯಿಂದ ಮೊದಲು ಹೊರಬಂದು ಮೊಬೈಲ್ ಎತ್ತಿಕೊಂಡಿದ್ದ ಮಗಳು, “ಆಗಲೇ ಗೆಳತಿಗೆ ಕಳಿಸಿದೆನಲ್ಲಪ್ಪ!” ಎಂದಳು.

ದರ್ಜಿ ಸರಳು ಕೆಳಗಿಟ್ಟು ಅಂಗಿ ಎಳೆದುಕೊಂಡ. “ನಕ್ಕಳಾ?”

“ಇಲ್ಲಪ್ಪ, ಗಾಬರಿಯಾದಳು. ‘ಅಪ್ಪ ಗುಂಡುಕಲ್ಲಿನ ಹಾಗೆ ಇದ್ದಾರಲ್ಲೇ! ಹಾಗಾದ್ರೆ ತೀರಿಕೊಂಡದ್ದು ಉಳಿದವರಾ?’ ಅಂತ ಕೇಳ್ತಿದ್ದಾಳೆ.”

ಪರದೆಯೊಳಗಿಂದ ಹೆಂಡತಿಯ ದನಿ ಬಂತು: “ರೀ, ಬಂದು ಇನ್ನೊಂದು ಸಲ ನಡುವೆ ನಿಂತ್ಕೊಳ್ಳಿ. ನಮ್ಮನ್ನೂ ಸ್ವಲ್ಪ ಬದುಕಿಸಿ!”