ಉಗ್ರಾಣದಮ್ಮ ಅಕ್ಕನ ದನಿಯನ್ನು ಗುಡಿಸಿ ಹಾಕಿದ್ದು

“ಅಕ್ಕನ ಸಿನಿಮಾ ನಾನೇ ಜೋಡಿಸ್ತೀನಿ. ಯಾರ ಹಂಗೂ ಬೇಡ,” ಎಂದು ಉಗ್ರಾಣದಮ್ಮ ಶುಕ್ರವಾರ ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿನ ಮೇಲೆ ಕುಟ್ಟಿ ಇಟ್ಟು ಸಾರಿದರು.

ಉಗ್ರಾಣದಮ್ಮ ಎಂಬುದು ನೆರೆಹೊರೆಯವರು ಇಟ್ಟ ಹೆಸರು. ಮೂವತ್ತೈದು ವರ್ಷ ಅವರು ದೊಡ್ಡಾಸ್ಪತ್ರೆಯ ಬಟ್ಟೆ ಉಗ್ರಾಣವನ್ನು ಆಳಿದವರು. ಹಾಸು, ಹೊದಿಕೆ, ದಿಂಬಿನ ಕವರು, ಎಲ್ಲವೂ ಅಳತೆಯ ಪ್ರಕಾರ ಸಾಲಾಗಿ ಕೂರಬೇಕು. ಚೂರುಪಾರು ನೆಲ ಒರೆಸುವ ಬಕೆಟ್ಟಿಗೆ ಹೋಗಬೇಕು. ಅವರು ಬೇಡ ಎಂದದ್ದನ್ನು ಬೇಕು ಎನ್ನುವ ಧೈರ್ಯ ದೊಡ್ಡ ಡಾಕ್ಟರಿಗೂ ಇರಲಿಲ್ಲ. “ಹುಟ್ಟಿದಾಗಿನಿಂದ ಒಂದು ಸೂಜಿ ಕಳೆದವಳಲ್ಲ ನಾನು” ಎಂಬುದು ಅವರ ನಿತ್ಯದ ಮಂತ್ರ. “ನಮ್ಮ ಮನೆಯಲ್ಲಿ ಕಳೆದದ್ದು ಒಂದೇ ಒಂದು, ಅಮ್ಮನ ಓಲೆಯ ತಿರುಪು. ಅದು ಅಕ್ಕ ಕಳೆದದ್ದು,” ಎಂದು ಮಂತ್ರಕ್ಕೆ ಬಾಲವನ್ನೂ ಸೇರಿಸುತ್ತಿದ್ದರು.

ಗಡಿಯಾರ ರಿಪೇರಿ ಮಾಡುವ ಅವರ ಯಜಮಾನರು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ತೆಗೆಯದೆಯೇ ಕೇಳಿದರು. “ಕಂಪ್ಯೂಟರಲ್ಲಾ? ನೀನಾ?”

“ಯಾಕೆ, ಸೊಸೆ ಎರಡು ಮಧ್ಯಾಹ್ನ ಕೂರಿಸಿ ಕಲಿಸಿದಾಳೆ. ಒಳಗೆ ತಗೋ, ಕತ್ತರಿಸು, ಜೋಡಿಸು. ಪರದೆ ಹೊಲಿಯೋದಕ್ಕಿಂತ ಸುಲಭ. ನೀವು ನಿಮ್ಮ ಸ್ಕ್ರೂ ಡಬ್ಬಿ ನೋಡ್ಕೊಳ್ಳಿ. ಒಂದಿನ ಅದನ್ನೂ ಗುಡಿಸಿ ಹಾಕ್ತೀನಿ.”

ಈ ಬೆದರಿಕೆಗೆ ನಲವತ್ತು ವರ್ಷ ವಯಸ್ಸು. ಯಜಮಾನರು ಅಭ್ಯಾಸದಂತೆ ಡಬ್ಬಿಯನ್ನು ತಮ್ಮ ಕಡೆ ಎಳೆದುಕೊಂಡರು.

ಅಕ್ಕನಿಗೆ ಎಂಬತ್ತು ತುಂಬುವುದು ಭಾನುವಾರ. ಅಮ್ಮನ ಕಾಲದ ಕತೆಗಳೆಲ್ಲ ಈಗ ಉಳಿದಿರುವುದು ಅವರ ಬಾಯಲ್ಲಿ ಮಾತ್ರ. ಮೂರು ವರ್ಷ ಗೋಗರೆದ ಮೇಲೆ ಕ್ಯಾಮೆರಾದ ಮುಂದೆ ಕೂತಿದ್ದರು, ಅದೂ ಎರಡು ಷರತ್ತಿನ ಮೇಲೆ. ಒಂದು, ಇನ್ನೊಂದು ಸಲ ಕೂರುವುದಿಲ್ಲ. ಎರಡು, ತಂಗಿ ಕೋಣೆಯೊಳಗಿರಬಾರದು. “ಅವಳಿದ್ರೆ ಪ್ರತಿ ಮಾತಿಗೂ ಇಸ್ತ್ರಿ ಹಾಕ್ತಾಳೆ.” ಹಾಗಾಗಿ ಸೊಸೆಯೊಬ್ಬಳೇ ತನ್ನ ಹಳೆಯ ದೊಡ್ಡ ಕ್ಯಾಮೆರಾದಲ್ಲಿ ತೆಗೆದಿದ್ದಳು. ಅಕ್ಕ ಏನೇನು ಹೇಳಿದ್ದಾರೆಂದು ಉಗ್ರಾಣದಮ್ಮನಿಗೆ ಇನ್ನೂ ಗೊತ್ತಿರಲಿಲ್ಲ. ಸಿನಿಮಾ ತಾವೇ ಜೋಡಿಸುವ ಹಟದ ಬೇರು ಅಲ್ಲಿತ್ತು.

ಸೊಸೆ ಕಾರು ಕಲಿಸುವ ಶಾಲೆಯಲ್ಲಿ ಮೇಡಂ. ಹೊರಡುವ ಗಡಿಬಿಡಿಯಲ್ಲಿ ಕ್ಯಾಮೆರಾದ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ ಹೇಳಿದಳು: “ಅತ್ತೆ, ಎಡಿಟಿಂಗ್ ತಂತ್ರಾಂಶಕ್ಕೆ ಇಡೀ ಫೋಲ್ಡರನ್ನ ಹಾಗೇ ತೋರಿಸಿ. ಒಳಗೆ ಕೈ ಹಾಕಬೇಡಿ.”

“ಆಯ್ತಮ್ಮಾ.”

ಬಾಗಿಲು ಹಾಕಿಕೊಂಡ ಸದ್ದಾಯಿತು. ಉಗ್ರಾಣದಮ್ಮ ಒಳಗೆ ಕೈ ಹಾಕಿದರು.

ಒಳಗಿನ ಅವಸ್ಥೆ ನೋಡಿ ಅವರ ಜೀವ ಚುರ್ ಎಂದಿತು. ಈರುಳ್ಳಿ ಸುಲಿದಂತೆ ಫೋಲ್ಡರಿನೊಳಗೆ ಫೋಲ್ಡರು. ಅದರಲ್ಲಿ ನಾಲ್ಕು ಭಾರೀ ಫೈಲು. ಅವುಗಳ ಸುತ್ತ ಹೆಸರಿಲ್ಲದ, ಬರೀ ಅಂಕಿ ಹೊತ್ತ ಪುಡಿ ಫೈಲುಗಳ ಸಂತೆ. ಉಗ್ರಾಣದ ಕಣ್ಣಿಗೆ ಲೆಕ್ಕ ತಕ್ಷಣ ಹೊಳೆಯಿತು: ನಾಲ್ಕು ಹಾಸು, ಉಳಿದದ್ದೆಲ್ಲ ಒರೆಸುವ ಬಟ್ಟೆ. ಹಾಸುಗಳನ್ನು ಎತ್ತಿ ಬೇರೆ ಫೋಲ್ಡರಿನಲ್ಲಿಟ್ಟು ‘ಅಕ್ಕ’ ಎಂದು ಹೆಸರು ಬರೆದರು. ಒರೆಸುವ ಬಟ್ಟೆಯನ್ನು ಗುಡಿಸಿ ಅಳಿಸುವ ಗುಂಡಿ ಒತ್ತಿದರು.

‘ಇವು ಶಾಶ್ವತವಾಗಿ ಅಳಿಸಿಹೋಗುತ್ತವೆ. ಖಚಿತವೇ?’ ಎಂದು ಕಂಪ್ಯೂಟರ್ ಕೇಳಿತು.

“ಆಸ್ಪತ್ರೆಯಲ್ಲೇ ನನ್ನನ್ನ ಯಾರೂ ಎರಡು ಸಲ ಕೇಳ್ತಿರಲಿಲ್ಲ. ನೀನ್ಯಾವನು,” ಎನ್ನುತ್ತಾ ಹೌದು ಎಂದು ಒತ್ತಿದರು.

ಎಡಿಟಿಂಗ್ ತಂತ್ರಾಂಶವೂ ಹಾಸುಗಳನ್ನು ಒಳಗೆ ತೆಗೆದುಕೊಳ್ಳುವಾಗ ಗೊಣಗಿತು: ಜೊತೆ ಫೈಲುಗಳು ಸಿಗುತ್ತಿಲ್ಲ, ಮುಂದುವರಿಸಲೇ? ಅದಕ್ಕೂ ಹೌದು.

ಪರದೆಯ ಮೇಲೆ ಅಕ್ಕ ಬಂದರು. ಸೆರಗು ಸರಿಮಾಡಿಕೊಂಡರು. ಬಾಯಿ ತೆರೆದರು. ಕೈ ಬೀಸಿದರು, ನಕ್ಕರು, ಯಾರನ್ನೋ ಬೈದಂತೆ ಬೆರಳು ಆಡಿಸಿದರು. ಒಂದು ಸದ್ದಿಲ್ಲ. ಅಕ್ಕನ ಬಾಯಿ ಆಡುತ್ತಿದ್ದು ಮನೆ ನಿಶ್ಶಬ್ದವಾಗಿದ್ದುದು ಎಂಬತ್ತು ವರ್ಷದಲ್ಲಿ ಅದೇ ಮೊದಲು.

ಉಗ್ರಾಣದಮ್ಮ ಸ್ಪೀಕರಿನ ಕಿವಿ ತಿರುಗಿಸಿದರು. ವಯರು ಕಿತ್ತು ಮತ್ತೆ ಚುಚ್ಚಿದರು. ಕಂಪ್ಯೂಟರನ್ನು ಆರಿಸಿ, ಅದು ಬುದ್ಧಿ ಕಲಿಯುವಷ್ಟು ಹೊತ್ತು ಬಿಟ್ಟು ಹಚ್ಚಿದರು. ಕೊನೆಗೆ ಕೂಗಿದರು: “ರೀ, ನಿಮಗೇನಾದ್ರೂ ಕೇಳಿಸ್ತಿದೆಯಾ?”

“ನೀನು ಕೂಗಿದ್ದು ಕೇಳಿಸ್ತು.”

ಬೇರೆ ದಾರಿಯಿಲ್ಲದೆ ಸೊಸೆಗೆ ಫೋನು ಹೋಯಿತು. ಅವಳು ಮೈದಾನದಲ್ಲಿ ಯಾರಿಗೋ ಕಾರು ಕಲಿಸುತ್ತಿದ್ದಳು.

“ಅಮ್ಮಾ, ನಿನ್ನ ಕ್ಯಾಮೆರಾ ಮೂಕವಾಗಿದೆ.”

“ಇಡೀ ಫೋಲ್ಡರ್ ತೋರಿಸಿದ್ರಾ ಅತ್ತೆ?”

“ಅದರಲ್ಲಿ ಬೇಕಾದ್ದು ತೋರಿಸಿದೆ.”

“ಬೇಡದ್ದು?”

ಉಗ್ರಾಣದಮ್ಮ ಒಂದು ಬಟ್ಟೆ ತೆಗೆದುಕೊಂಡು ಮೇಜು ಒರೆಸತೊಡಗಿದರು. “ಅಚ್ಚುಕಟ್ಟು ಮಾಡಿದೆ.”

ಆ ಕಡೆಯಿಂದ ಕೂಗು ಬಂತು, “ಬ್ರೇಕ್ ಒತ್ತಿ, ಬ್ರೇಕ್!”

“ನನಗಾ ಹೇಳಿದ್ದು?”

“ಇವರಿಗೆ. ನಿಮಗೂ ಹೌದು. ಅತ್ತೆ, ಆ ಕ್ಯಾಮೆರಾ ಚಿತ್ರಾನ ಒಂದು ಕಡೆ, ದನೀನ ಒಂದು ಕಡೆ ಇಡುತ್ತೆ. ಆ ಪುಡಿ ಫೈಲಲ್ಲೇ ದೊಡ್ಡಮ್ಮನ ದನಿ ಇದ್ದದ್ದು. ಕಾರ್ಡನ್ನ ತೆಗೆದು ಪಕ್ಕಕ್ಕಿಡಿ. ಅದಕ್ಕೆ ಏನೂ ತುಂಬಬೇಡಿ. ಒರೆಸಲೂ ಬೇಡಿ.”

ಉಗ್ರಾಣದಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು. ಅಕ್ಕ ಮತ್ತೆ ಕೂರುವುದಿಲ್ಲ. ಅಮ್ಮನ ಕತೆ ಬಕೆಟ್ಟಿಗೆ ಹೋಯಿತು. ಮೂವತ್ತೈದು ವರ್ಷದ ಕೀರ್ತಿ ಒಂದು ಗುಂಡಿಯಲ್ಲಿ ಮುಗಿಯಿತು.

ಯಜಮಾನರು ಗಡಿಯಾರವೊಂದರ ಹೊಟ್ಟೆಯಿಂದ ಸಾಸಿವೆಗಿಂತ ಚಿಕ್ಕ ಸ್ಕ್ರೂ ತೆಗೆದು ಡಬ್ಬಿಗೆ ಹಾಕುತ್ತಿದ್ದರು. ಟಿಣ್ ಎಂದಿತು. ಏನಾದರೂ ಅಂದಿದ್ದರೆ ಜಗಳವಾಡಬಹುದಿತ್ತು.

ಸಂಜೆ ಸೊಸೆ ಬಂದು, ಅಳಿಸಿದ್ದನ್ನು ಹುಡುಕಿ ಎತ್ತುವ ಇನ್ನೊಂದು ತಂತ್ರಾಂಶವನ್ನು ಹಾಕಿದಳು. ಕಾರ್ಡಿಗೆ ಹೊಸದೇನೂ ತುಂಬಿರಲಿಲ್ಲವಾದ್ದರಿಂದ ದನಿಯ ತುಂಡುಗಳು ಒಂದೊಂದಾಗಿ ಎದ್ದು ಬಂದವು. ಆದರೆ ಸಂಖ್ಯೆಯಿಲ್ಲ, ಗುರುತಿಲ್ಲ. ಯಾವ ತುಟಿಗೆ ಯಾವ ಮಾತು ಎಂದು ಕೈಯಾರೆ ಜೋಡಿಸಬೇಕು. ಶನಿವಾರ ಇಡೀ ಆ ಕೆಲಸವೇ. ಒಮ್ಮೆ ತಪ್ಪು ತುಂಡು ಕೂತು, ಪರದೆಯ ಮೇಲಿನ ಅಕ್ಕ ಕಣ್ಣೊರೆಸಿಕೊಳ್ಳುತ್ತಾ, “ಈ ಕುರ್ಚಿ ಚುಚ್ಚುತ್ತೆ ಕಣೇ” ಎಂದರು. ಆಗ ಯಜಮಾನರು ಭೂತಗನ್ನಡಿ ಸಿಕ್ಕಿಸಿಕೊಂಡು ಪರದೆಗೆ ಮೂಗು ತಾಗಿಸಿ ಕೂತರು.

“ಇಲ್ಲಿ ತುಟಿ ಕೂಡ್ತು ನೋಡು. ‘ಅಮ್ಮ’ ಅಂತಿದಾರೆ. ಆ ತುಂಡು ತಗೊಂಡು ಬಾ.”

ಉಗ್ರಾಣದಮ್ಮ ತಂದುಕೊಟ್ಟರು. ಮನೆಯಲ್ಲಿ ಅವರು ಒಬ್ಬರ ಕೈಕೆಳಗೆ ಕೆಲಸ ಮಾಡಿದ್ದು ಅಂದೇ ಮೊದಲು.

ಕೊನೆಗೆ ಉಳಿದದ್ದು ಎಲ್ಲಕ್ಕಿಂತ ಚಿಕ್ಕ ತುಂಡು. ಜೋಡಿಸಿ ಹಚ್ಚಿದರು. ಅಕ್ಕ ಒಂದು ಪುಟ್ಟ ಪೆಟ್ಟಿಗೆ ತೆರೆದು ಓಲೆಯ ಜೋಡಿಯನ್ನು ತೋರಿಸುತ್ತಾ ಹೇಳಿದರು: “ಅಮ್ಮನ ತಿರುಪು ಕಳೆದದ್ದು ನಾನು ಅಂತ ಎಲ್ಲರಿಗೂ ಗೊತ್ತು. ನಾನಲ್ಲ. ತಂಗಿಗೆ ಆಗ ಆರು ವರ್ಷ. ಮನೆ ಗುಡಿಸಿ, ‘ಎಲ್ಲಾ ಅಚ್ಚುಕಟ್ಟು ಮಾಡಿದೆ’ ಅಂತ ಕಸಾನ ಹೊರಗೆ ಎಸೆದಳು. ತಿರುಪು ಅದರಲ್ಲಿತ್ತು. ಮಗು ಹೆದರಿ ಸಾಯುತ್ತೆ ಅಂತ ಏಟು ನಾನು ತಿಂದೆ. ಅಮ್ಮ ಕೊನೇವರೆಗೂ ಒಂಟಿ ಓಲೆಯಲ್ಲೇ ಓಡಾಡಿದಳು.”

ಸೊಸೆ ಕಿಟಕಿಯ ಕಡೆ ನೋಡಿದಳು. ಅವಳಿಗೆ ಮೊದಲೇ ಗೊತ್ತಿತ್ತಲ್ಲ.

ಉಗ್ರಾಣದಮ್ಮನ ಕೈ ತಾನಾಗಿ ಕತ್ತರಿಯ ಚಿತ್ರದ ಹತ್ತಿರ ಹೋಯಿತು. “ಇದು... ಒಂದೇ ನಿಮಿಷದ್ದು. ಇಲ್ಲದಿದ್ರೂ ನಡೆಯುತ್ತೆ, ಅಲ್ವೇನ್ರೀ?”

“ನಡೆಯುತ್ತೆ,” ಎಂದರು ಯಜಮಾನರು. “ಚಿಕ್ಕದು ತಾನೆ.”

ಕೈ ಹಿಂದಕ್ಕೆ ಬಂತು.

ಭಾನುವಾರ ಮನೆತುಂಬ ಜನ. ಆ ನಿಮಿಷ ಬಂದಾಗ ಇಪ್ಪತ್ತು ತಲೆಗಳು ಒಟ್ಟಿಗೆ ಉಗ್ರಾಣದಮ್ಮನ ಕಡೆ ತಿರುಗಿದವು. ನಗು ಚಾವಣಿ ಮುಟ್ಟಿತು. ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ತಾವೂ ನಕ್ಕರು.

“ಕತ್ತರಿಸಿ ಹಾಕಿರ್ತೀಯ ಅಂದ್ಕೊಂಡಿದ್ದೆ ಕಣೇ,” ಎಂದರು ಅಕ್ಕ.

“ತುಂಬಾ ಚಿಕ್ಕದಿತ್ತು ಅಕ್ಕ. ಎಸೆಯೋಕೆ ಧೈರ್ಯ ಬರಲಿಲ್ಲ.”

ಯಜಮಾನರು ಎದ್ದು ಹೋಗಿ ತಮ್ಮ ಡಬ್ಬಿ ತಂದರು. ಅಕ್ಕ ಪೆಟ್ಟಿಗೆಯಲ್ಲಿ ತಂದಿದ್ದ ತಿರುಪಿಲ್ಲದ ಓಲೆ ಇಸಿದುಕೊಂಡು ಒಂದು ಸ್ಕ್ರೂ ತಿರುಗಿಸಿ ನೋಡಿದರು, ಸಡಿಲ. ಇನ್ನೊಂದು, ಬಿಗಿ. ಮೂರನೆಯದು ಹೇಳಿಮಾಡಿಸಿದಂತೆ ಕೂತಿತು. ಎಂಬತ್ತರ ಅಕ್ಕ ಎರಡೂ ಕಿವಿಗೆ ಓಲೆ ಹಾಕಿಕೊಂಡು ಊಟಕ್ಕೆ ಕೂತರು.

ಸೋಮವಾರ ಬೆಳಿಗ್ಗೆ ಸೊಸೆ ಹೇಳಿದಳು: “ಅತ್ತೆ, ಎಲ್ಲಾ ಮೂರು ಕಡೆ ಇಟ್ಟಾಗಿದೆ. ನನಗೆ ಕಾರ್ಡ್ ಬೇಕು, ಖಾಲಿ ಮಾಡ್ಕೊಡಿ. ಧೈರ್ಯವಾಗಿ ಒತ್ತಿ.”

ಉಗ್ರಾಣದಮ್ಮ ಒತ್ತಿದರು. ‘ಖಚಿತವೇ?’ ಎಂದು ಕಂಪ್ಯೂಟರ್ ಕೇಳಿತು.

ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

“ಇನ್ನೊಂದು ಸಲ ಕೇಳು ಅಂತ ಹೇಳಮ್ಮಾ ಅದಕ್ಕೆ.”